ಒಂದು ಗುಟುಕು ನೀರು

ಮುಂದಿನ ವಾರ ನನಗೆ ಆಪರೇಷನ್. ಆ ಬೆಳಿಗ್ಗೆ ಬಿಪಿ ಮಾತ್ರೆ ನುಂಗಬೇಡಿ ಎಂದು ಡಾಕ್ಟರು ಹೇಳಿದ್ದಾರೆ. ಮನೆಗೆ ಬಂದು ಮಾತ್ರೆಯನ್ನು ಅಂಗೈ ಮೇಲಿಟ್ಟು ನೋಡಿದೆ. ಅದೇ ತಿಳಿಗುಲಾಬಿ ಬಣ್ಣ, ನಡುವೆ ಅದೇ ಗೆರೆ. ಪಕ್ಕದ ಮನೆಯ ಅಜ್ಜಿ ನೆನಪಾದರು...

ಶಿಡ್ಲಘಟ್ಟದ ನಮ್ಮ ಬೀದಿಯಲ್ಲಿ ಅವರು ಮನೆಯಲ್ಲೇ ರೇಷ್ಮೆ ನೂಲು ಬಿಚ್ಚುತ್ತಿದ್ದರು. ಬಿಸಿನೀರಿನಲ್ಲಿ ತೇಲುವ ಗೂಡುಗಳಿಂದ, ಕಣ್ಣಿಗೆ ಕಾಣದ ಎಳೆಯ ತುದಿಯನ್ನು ಮಾತಾಡುತ್ತಲೇ ಹಿಡಿಯುತ್ತಿದ್ದರು. ನಾನು ಕೈ ಹಾಕಿದರೆ ಗೂಡು ಸಿಕ್ಕುತ್ತಿತ್ತೇ ಹೊರತು ಎಳೆಯಲ್ಲ. "ಸ್ಕೂಲಲ್ಲಿ ಮಕ್ಕಳ ಕಿವಿ ಹಿಡ್ದಂಗಲ್ಲ ಕಣಮ್ಮ ಟೀಚರಮ್ಮ" ಎಂದು ನಗುತ್ತಿದ್ದರು.

ಪಿತ್ತಕೋಶದ ಕಲ್ಲು ಅವರನ್ನು ಹಿಂಡಿಹಾಕಿತ್ತು. ಬಿಪಿ ಹೆಚ್ಚಿದೆಯೆಂದು ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ಎರಡು ಸಲ ಆಪರೇಷನ್ ಮುಂದೂಡಿದ್ದರು. ಮೂರನೆಯ ಸಲ ಜೊತೆಗೆ ಹೋದವಳು ನಾನು. ಬೆಳಿಗ್ಗೆ ಏನೂ ನುಂಗಬಾರದು, ಬಿಪಿ ಮಾತ್ರೆಯೂ ಬೇಡ ಎಂದು ಮೊದಲೇ ಹೇಳಿದ್ದರು. ಅಜ್ಜಿ ಸೆರಗಿನ ಗಂಟು ಬಿಚ್ಚಿ ಎರಡು ಮಾತ್ರೆ ತೆಗೆದರು.

"ಇವತ್ತೂ ವಾಪಸ್ ಕಳಿಸಿದ್ರೆ ನನ್ ಕೈಲಾಗಲ್ಲ. ಏಂ ಕಾದು, ಏನೂ ಆಗಲ್ಲ, ನೀರು ಕೊಡಮ್ಮ."

ನಾನೇ ಬಾಟಲಿ ತೆಗೆದು ಒಂದು ಗುಟುಕು ಕೊಟ್ಟೆ. ಅರಿವಳಿಕೆ ಕೊಡುವ ಡಾಕ್ಟರು ಬಂದು ಕೇಳಿದಾಗ ಇಬ್ಬರೂ, ಏನೂ ತಗೊಂಡಿಲ್ಲ ಎಂದೆವು.

ಅಜ್ಜಿಯನ್ನು ಆಪರೇಷನ್ ಥಿಯೇಟರಿಗೆ ಕರೆದೊಯ್ದ ಅರ್ಧ ಗಂಟೆಗೆಲ್ಲ ನರ್ಸ್ ಓಡಿ ಬಂದಳು. "ಬಿಪಿ ಬಿದ್ದೋಗ್ತಿದೆ, ಏನ್ ಕೊಟ್ರೂ ಮೇಲೇಳ್ತಿಲ್ಲ. ಬೆಳಿಗ್ಗೆ ಮಾತ್ರೆ ಕೊಟ್ಟಿದ್ರಾ?"

ಆಗಲಾದರೂ ಹೇಳಬಹುದಿತ್ತು. ಒಮ್ಮೆ ಇಲ್ಲವೆಂದ ನಾಚಿಕೆಗೆ ಮತ್ತೆ ಇಲ್ಲವೆಂದೆ. ಬಾಗಿಲು ಮುಚ್ಚಿತು...

ಜೀವ ಉಳಿಯಿತು. ಆದರೆ ಅಷ್ಟು ಹೊತ್ತು ಮೆದುಳಿಗೆ ರಕ್ತ ಸಾಲದೆ ಬಲಗೈ ಸ್ವಾಧೀನ ತಪ್ಪಿತು. ಅಜ್ಜಿಯ ಮಗ ಅರಿವಳಿಕೆ ಡಾಕ್ಟರನ್ನು ಬಾಯಿಗೆ ಬಂದಂತೆ ಬೈದ. ಅವರು ತಲೆ ತಗ್ಗಿಸಿ ನಿಂತಿದ್ದರು. ನಾನು ಪಕ್ಕದಲ್ಲೇ ಇದ್ದೆ.

ಅಜ್ಜಿ ಇನ್ನೂ ಮೂರು ವರ್ಷ ಬದುಕಿದ್ದರು. ಎಡಗೈಯನ್ನು ನೀರಿಗಿಳಿಸಿ ಎಳೆ ಹುಡುಕುತ್ತಾ ಕೂರುತ್ತಿದ್ದರು, ಸಿಕ್ಕುತ್ತಿರಲಿಲ್ಲ. "ನೀನು ನೀರು ತಾನೇ ಕೊಟ್ಟಿದ್ದು, ಬಿಡಮ್ಮ" ಎಂದರು ಒಮ್ಮೆ. ಸುಳ್ಳಿನ ಮಾತನ್ನು ಇಬ್ಬರೂ ಎತ್ತಲಿಲ್ಲ.

ಮುಂದಿನ ವಾರ ನನ್ನನ್ನೂ ಅದೇ ಪ್ರಶ್ನೆ ಕೇಳುತ್ತಾರೆ. ನಿಜವನ್ನೇ ಹೇಳುತ್ತೇನೆ. ನನ್ನ ಜೀವದ ವಿಷಯ ನೋಡಿ, ಬಾಯಿಗೆ ತಾನಾಗಿ ಬರುತ್ತದೆ. ಅಜ್ಜಿ ಈಗಿಲ್ಲ. ಅವರ ಮಗ ನಿನ್ನೆ ನನ್ನನ್ನು ನೋಡಲು ಬಂದಿದ್ದ. "ಆ ಡಾಕ್ಟರ್ ಕೈಗೆ ಮಾತ್ರ ಸಿಗ್ಬೇಡಿ ಟೀಚರ್, ನಮ್ಮಮ್ಮನ್ನ ಹಾಳ್ಮಾಡಿದೋನು" ಎಂದ. ನಾನು ತಲೆಯಾಡಿಸಿ, ಅವನಿಗೆ ಕಾಫಿ ತರಲು ಒಳಗೆ ಹೋದೆ.