ವೆಡ್ನೆಸ್‌ಡೇ ಎಂದಿದ್ದಕ್ಕೆ

ಒಂದನೇ ತರಗತಿಯಿಂದಲೇ ಇಂಗ್ಲಿಷ್ ಕಲಿಸಬೇಕೆಂದು ಸರ್ಕಾರ ಹೇಳಿದ ಕಾಲ. ತಿ. ನರಸೀಪುರ ಕಡೆಯ ಮೇಷ್ಟ್ರು, ಮೇಡಮ್ಮುಗಳನ್ನು ನಂಜನಗೂಡಿಗೆ ಐದು ದಿನದ ತರಬೇತಿಗೆ ಕಳಿಸಿದರು. ನಾನು ಕೆಲಸಕ್ಕೆ ಹೊಸಬಳು. ಜೊತೆಗೆ ಬಂದವರು ನಮ್ಮ ಶಾಲೆಯ ಹಿರಿಯ ಮೇಡಂ, ಹೆಮ್ಮಿಗೆ ಊರಿನವರು. ಇಪ್ಪತ್ತು ವರ್ಷದಿಂದ ಮಕ್ಕಳ ಕೈ ಹಿಡಿದು ಅಕ್ಷರ ತಿದ್ದಿಸಿದವರು.

ಎರಡನೇ ದಿನ ತರಬೇತಿ ಕೊಡುವವನು ಅವರನ್ನು ಎಬ್ಬಿಸಿ ಓದಿಸಿದ. ಮೇಡಂ ‘ವೆಡ್ನೆಸ್‌ಡೇ’ ಎಂದರು. ಆತ ನಕ್ಕ. ಬಾಚಣಿಗೆಯ ಇಂಗ್ಲಿಷ್ ಪದ ಬಂದಾಗ ‘ಕೋಂಬ್’ ಎಂದರು.

“ಕೊಂಬಾ? ಎಲ್ಲಿದೆ ಮೇಡಂ, ತಲೆ ಮೇಲಾ?”

ಕೋಣೆಯೆಲ್ಲ ನಕ್ಕಿತು. ನಾಚಿಕೆಗೇಡು, ನಾನೂ ನಕ್ಕೆ.

“ಪುಸ್ತಕ್ದಲ್ಲಿ ಬಿ ಅದೆ ಸಾ. ಇರೋದ್ನೇ ಓದ್ದೆ,” ಎಂದರು ಮೇಡಂ.

“ನಿಮ್ಮ ಪ್ರೊನೌನ್ಸಿಯೇಷನ್ನೇ ಸರಿಯಿಲ್ಲ. ನಿಂತ್ಕೊಂಡೇ ಹತ್ತು ಸಲ ಹೇಳಿ.”

ಮೇಡಂ ನಿಂತೇ ‘ಕೋಂಬ್, ಕೋಂಬ್’ ಎನ್ನತೊಡಗಿದರು. ನನಗೆ ಮೈಯೆಲ್ಲ ಉರಿಯಿತು. ಎದ್ದು ನಿಂತೆ.

“ಸಾರ್, ಅದು ಪ್ರೊನೌನ್ಸಿಯೇಷನ್ ಅಲ್ಲ, ಪ್ರನನ್ಸಿಯೇಷನ್. ನೀವೂ ಹತ್ತು ಸಲ ಹೇಳಿ.”

ಆತ ನನ್ನನ್ನು ದುರುಗುಟ್ಟಿ ನೋಡಿದ. ಟೀ ಹೊತ್ತು ಇನ್ನೂ ಆಗಿರಲಿಲ್ಲ. ಆದರೂ ಟೀಗೆ ಬಿಟ್ಟ.

ಗೆದ್ದೆನೆಂದುಕೊಂಡೇ ಸಂಜೆ ಬಸ್ಸು ಹತ್ತಿದೆ. ಮೇಡಂ ಇಬ್ಬರ ಟಿಕೆಟ್ಟನ್ನೂ ತೆಗೆದುಕೊಂಡರು. ಆಮೇಲೆ ಹೇಳಿದರು: “ನನ್ ಪರ ನಿಂತೆ, ಸರಿ ಕಣವ್ವ. ಆದ್ರೆ ನೀನೂ ಅವನಂಗೇ ಮಾಡ್ದೆ. ನಂಗೆ ಎಂಗೆ ಏಳ್ಬೇಕು ಅಂತ ಇಬ್ರೂ ಏಳ್ಕೊಡ್ಲಿಲ್ಲ.”

ಆತನ ಮೇಲಿದ್ದ ಸಿಟ್ಟೆಲ್ಲ ನನ್ನ ಮೇಲೇ ತಿರುಗಿತು. ಅಲ್ಲೇ ಹೇಳಿಕೊಟ್ಟೆ. ವೆನ್ಸ್‌ಡೇ, ಮೊದಲ ಡಿ ಬಾಯಿಗೆ ಬರುವುದಿಲ್ಲ. ಕೋಮ್, ಕೊನೆಯ ಬಿ ಇಲ್ಲ. ರಸೀದಿಗೆ ರಿಸೀಟ್, ಪಿ ಸುಮ್ಮನೆ ಕೂತಿರುತ್ತದೆ. ಕುಲುಕುವ ಬಸ್ಸಿನಲ್ಲೇ ಮೇಡಂ ಅವನ್ನೆಲ್ಲ ಕನ್ನಡದಲ್ಲಿ ಬರೆದುಕೊಂಡರು.

“ಏಳ್ದೇ ಇರೋ ಅಕ್ಷರನ ಯಾಕವ್ವ ಬರೀತಾರೆ?”

ನನಗೆ ಗೊತ್ತಿರಲಿಲ್ಲ. ಹಾಗೆಂದೇ ಹೇಳಿದೆ.

ಉಳಿದ ಮೂರು ದಿನ ಆತ ನಮ್ಮಿಬ್ಬರನ್ನೂ ಏನೂ ಕೇಳಲಿಲ್ಲ, ಏನೂ ಕಲಿಸಲೂ ಇಲ್ಲ. ಕೊನೆಗೆ ಚೆನ್ನಾಗಿ ಕಲಿತಿದ್ದೀರೆಂದು ಸರ್ಟಿಫಿಕೇಟ್ ಕೊಟ್ಟ. ಅದಕ್ಕೆ ನಾನು ಇಂದಿಗೂ ಚೌಕಟ್ಟು ಹಾಕಿಸಿಲ್ಲ.

ಮುಂದಿನ ವಾರ ಮೇಡಂ ಅವರ ತರಗತಿಯ ಬಾಗಿಲಲ್ಲಿ ನಿಂತು ನೋಡಿದೆ. ಹಲಗೆಯ ಮೇಲೆ ಬಾಚಣಿಗೆಯ ಇಂಗ್ಲಿಷ್ ಪದವಿತ್ತು; ಅದರ ಕೊನೆಯ ಬಿ ಒಂದನ್ನು ಮಾತ್ರ ಕೆಂಪು ಸೀಮೆಸುಣ್ಣದಲ್ಲಿ ಬರೆದಿದ್ದರು.

“ಇದ್ನ ಬರೀರಿ, ಏಳ್ಬ್ಯಾಡಿ,” ಎಂದರು. ಒಂದು ಹುಡುಗಿ ಮರೆತು ‘ಕೋಂಬ್’ ಎಂದಳು. ಮೇಡಂ ಅವಳ ಪಕ್ಕ ಕೂತು, ತುಟಿ ಮುಚ್ಚಿ, ನಿಧಾನವಾಗಿ ಹೇಳಿ ತೋರಿಸಿದರು.