ಮುಂದಿನ ಸೀಟಿನ ಕೆಳಗಿನ ಜಾಗ

ನನ್ನ ಮಗಳಿಗೆ ಆಗ ಒಂಬತ್ತು ವರ್ಷ. ನಮ್ಮ ಯಜಮಾನರು ಗುವಾಹಟಿಯ ಹತ್ತಿರದ ಒಂದು ತೆಂಗಿನ ನರ್ಸರಿಗೆ ಮೇಲ್ವಿಚಾರಕರಾಗಿ ಹೋಗಿ ನಾಲ್ಕು ವರ್ಷವಾಗಿತ್ತು. ಬಿತ್ತನೆ ಕಾಯಿ ಆರಿಸುವುದು, ಮೊಳಕೆಗೆ ಇಡುವುದು, ಮೊಣಕಾಲುದ್ದದ ಸಸಿ ನೋಡಿ ಮುಂದೆ ಅದು ಎಂಥ ಮರವಾಗುತ್ತದೆಂದು ಹೇಳುವುದು ಅವರಿಗೆ ಚಿಕ್ಕಂದಿನಿಂದ ಬಂದ ವಿದ್ಯೆ. ಅದಕ್ಕಾಗಿಯೇ ಅಷ್ಟು ದೂರದವರು ಕರೆಸಿಕೊಂಡಿದ್ದರು. ನಾನು, ಮಗಳು, ನನ್ನ ಅತ್ತೆ ತಿಪಟೂರಿನ ಹತ್ತಿರದ ಬಿಳಿಗೆರೆಯ ಮನೆಯಲ್ಲಿದ್ದೆವು. ನಾನು ಮನೆಯಲ್ಲೇ ಹೊಲಿಗೆ ಕೆಲಸ ಮಾಡುತ್ತಿದ್ದೆ. ಅವರು ವರ್ಷಕ್ಕೊಮ್ಮೆ ಗೌರಿ ಹಬ್ಬಕ್ಕೆ ಬಂದು ಹತ್ತು ದಿನವಿದ್ದು ಹೋಗುತ್ತಿದ್ದರು.

ಆ ಸಲ ಬಂದಾಗ ಊಟಕ್ಕೆ ಕೂತಿದ್ದವರು ತಾವಾಗಿಯೇ ಹೇಳಿದರು. “ನರ್ಸರಿ ಒಳಗೇ ಎರಡು ರೂಮಿನ ಮನೆ ಕೊಡ್ತಾರಂತೆ. ಇವಳ ಪರೀಕ್ಷೆ ಮುಗಿದ ಮೇಲೆ ಇಬ್ರೂ ಬಂದ್ಬುಡಿ.”

ನನ್ನ ಕೈಯಲ್ಲಿದ್ದ ಸಾರಿನ ಸೌಟು ಅಲ್ಲೇ ನಿಂತಿತು. ಅತ್ತೆಯೇ ಮೊದಲು ಮಾತಾಡಿದ್ದು. “ಹೋಗಮ್ಮಿ, ನನ್ನ ಚಿಂತೆ ಬುಡು. ನನ್ನ ಮಗಳ ಮನೆ ಪಕ್ಕದ ಬೀದೀಲೇ ಐತೆ. ಗಂಡ ಎಂಡ್ತಿ ಒಂದು ಕಡೆ ಇರಬೇಕು.”

ಮಗಳು ಕೇಳಿದ್ದು ಒಂದೇ ಮಾತು. “ಬೆಕ್ಕು?”

ಅದೊಂದು ಕೆಂದು ಬಣ್ಣದ ಬೆಕ್ಕು. ಎರಡು ವರ್ಷದ ಹಿಂದೆ ಕಾಯಿ ಸುಲಿಯುವವರು ಹೋದ ಮೇಲೆ ಹಿತ್ತಲಿನ ಮಟ್ಟೆ ರಾಶಿಯೊಳಗೆ ಕಣ್ಣು ಬಿಡದ ಮರಿ ಸಿಕ್ಕಿತ್ತು. ಮಗಳು ಹತ್ತಿಯನ್ನು ಹಾಲಿನಲ್ಲಿ ಅದ್ದಿ ಚೀಪಿಸಿ ಬದುಕಿಸಿಕೊಂಡಿದ್ದಳು. ಅಟ್ಟದ ಮೇಲಿನ ಕೊಬ್ಬರಿಗೆ ಇಲಿ ಕಾಟ ತಪ್ಪಿತೆಂದು ಅತ್ತೆಗೂ ಅದು ಇಷ್ಟವಾಗಿತ್ತು. ಆದರೆ ಅದು ಮಲಗುತ್ತಿದ್ದದ್ದು ಮಗಳ ಮಗ್ಗುಲಲ್ಲಿ ಮಾತ್ರ.

“ಬೆಕ್ಕನ್ನ ವಿಮಾನಕ್ಕೆ ಹತ್ತಿಸ್ತಾರೇನೇ?” ಎಂದು ಅವರು ನಕ್ಕರು.

“ಹಂಗಾದ್ರೆ ನಾನು ಬರಲ್ಲ” ಎಂದು ಮಗಳು ತಟ್ಟೆ ಎತ್ತಿಕೊಂಡು ಎದ್ದಳು.

ಸಂಕ್ರಾಂತಿ ಕಳೆದ ಮೇಲೆ ಫೋನಿನಲ್ಲಿ ಅವರು ಮತ್ತೆ ಅದೇ ಮಾತು ಎತ್ತಿದರು. “ನೋಡು, ವಿಮಾನದೋರು ಬೆಕ್ಕು ಒಪ್ಪಲ್ಲ. ಅವಳು ಅದನ್ನ ಬಿಟ್ಟು ಬರಲ್ಲ ಅಂತಾಳೆ. ಏನ್ ಮಾಡೋದು ನೀನೇ ಹೇಳು.” ಅವರ ದನಿ ಬೇಸರದ್ದು ಎಂದು ನನಗನ್ನಿಸಿತು. ಬೆಕ್ಕಿನದೊಂದು ಸರಿಹೋದರೆ ಎಲ್ಲವೂ ಸರಿಹೋದ ಹಾಗೆಯೇ ಎಂದುಕೊಂಡೆ.

ಮಾರನೆಯ ದಿನವೇ ತಿಪಟೂರಿಗೆ ಹೋದೆ. ಬಸ್ ಸ್ಟ್ಯಾಂಡಿನ ಹತ್ತಿರ ಟಿಕೆಟ್ ಬುಕ್ ಮಾಡಿಕೊಡುವ ಅಂಗಡಿಯವರು ಕಂಪ್ಯೂಟರಿನಲ್ಲಿ ಹುಡುಕಿ, “ಎಲ್ರೂ ಒಪ್ಪಲ್ಲ ಕಣಕ್ಕ. ಈ ಒಂದು ಕಂಪನಿಯೋರು ಒಳಗೆ ಬುಡ್ತಾರೆ. ನೀವೇ ಕೇಳ್ಕಂಡ್ರೆ ವಾಸಿ” ಎಂದು ಫೋನ್ ನಂಬರು ಬರೆದುಕೊಟ್ಟರು. ಮನೆಗೆ ಬಂದು ಆ ನಂಬರಿಗೆ ಫೋನ್ ಹಾಕಿದೆ. ಸಂಗೀತ ಕೇಳಿ ಕೇಳಿ ಸಾಕಾದ ಮೇಲೆ ಒಬ್ಬಳು ಹುಡುಗಿ ಕನ್ನಡದಲ್ಲೇ ಮಾತಾಡಿದಳು. ಬ್ಲೌಸಿನ ಅಳತೆ ಬರೆಯುವ ನೋಟ್‌ಬುಕ್ಕಿನ ಹಿಂಬದಿಯಲ್ಲಿ ಬರೆದುಕೊಂಡೆ. ಹುಚ್ಚುನಾಯಿ ರೋಗದ ಚುಚ್ಚುಮದ್ದು ಹಾಕಿಸಿ ತಿಂಗಳಾದರೂ ಆಗಿರಬೇಕು. ಹೊರಡುವ ಎರಡು ಮೂರು ದಿನದೊಳಗೆ ಡಾಕ್ಟರಿಂದ ಪ್ರಯಾಣಕ್ಕೆ ತಕ್ಕ ಆರೋಗ್ಯವಿದೆ ಎಂಬ ಪತ್ರ ತರಬೇಕು. ಬೆಕ್ಕು, ಬ್ಯಾಗು ಎರಡೂ ಸೇರಿ ಏಳು ಕೆಜಿ ಮೀರಬಾರದು. ಬ್ಯಾಗು ಮೆತ್ತಗಿರಬೇಕು, ಗಾಳಿ ಆಡಬೇಕು, ಒದ್ದೆ ಹೊರಗೆ ಬರಬಾರದು. ನಿದ್ದೆ ಮಾತ್ರೆ ಕೊಡಕೂಡದು.

“ಪ್ರಾಣಿ ನಿಮ್ಮ ಸೀಟಿಗೆ ಬರೋ ಹಾಗಿಲ್ಲ ಮೇಡಂ. ಮುಂದಿನ ಸೀಟಿನ ಕೆಳಗೆ ಇಡಬೇಕು. ಇಳಿಯೋವರೆಗೂ ಬ್ಯಾಗ್ ತೆಗೀಬಾರದು.”

“ಕೈಯಾದ್ರೂ ಇಡಬಹುದಾ ತಾಯಿ?”

“ಹೊರಗಿಂದ ಇಡಬಹುದು ಮೇಡಂ.”

ಅವಳು ಹೇಳಿದ ಉದ್ದ ಅಗಲ ಎತ್ತರವನ್ನು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಮಗಳಿಗೆ ತೋರಿಸಿದೆ. ಅವಳು ಬೆಕ್ಕನ್ನು ತಂದು ಅದರೊಳಗೆ ಕೂರಿಸಿದಳು. ಅದು ಎದ್ದು ಹೋಯಿತು. ಮತ್ತೆ ತಂದು ಕೂರಿಸಿದಳು.

ಬ್ಯಾಗನ್ನು ನಾನೇ ಹೊಲಿದೆ. ಅಂಗಡಿಯಲ್ಲಿ ಸಿಗುವುದು ಅಳತೆಗೆ ದೊಡ್ಡದಾಗಿತ್ತು. ರೆಕ್ಸಿನ್ ತಂದು, ಎರಡು ಪಕ್ಕಕ್ಕೆ ಸೊಳ್ಳೆ ಪರದೆಯ ಬಟ್ಟೆ ಕೊಟ್ಟೆ. ಬೆಕ್ಕು ಅರ್ಧ ಗಂಟೆಯಲ್ಲಿ ಉಗುರು ಹಾಕಿ ಹರಿಯಿತು. ಬಿಚ್ಚಿ, ಕಿಟಕಿಗೆ ಹಾಕುವ ಗಟ್ಟಿ ಜಾಲರಿ ತಂದು ಕೂರಿಸಿದೆ. ಸೂಜಿ ಮುರಿಯಿತು. ಮೂರನೆಯ ಸಲಕ್ಕೆ ಮನಸ್ಸಿಗೆ ಬಂತು. ತಳಕ್ಕೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಮಕ್ಕಳಿಗೆ ಹಾಸುವ ಪ್ಯಾಡು. ಬೆಕ್ಕನ್ನು ಅದರಲ್ಲಿ ಹಾಕಿಕೊಂಡು ಹೋಗಿ ದಿನಸಿ ಅಂಗಡಿಯ ತಕ್ಕಡಿಯ ಮೇಲಿಟ್ಟೆ. ಐದು ಕೆಜಿ ಎಂಟುನೂರು. ಮಗಳು ಅಂಗಡಿಯಲ್ಲೇ ಕುಣಿದಳು.

ದನದ ಆಸ್ಪತ್ರೆಯ ಡಾಕ್ಟರು ಚುಚ್ಚುಮದ್ದು ಹಾಕುತ್ತಾ, “ಇಷ್ಟು ವರ್ಷದಾಗೆ ಹಸ, ಎಮ್ಮೆ, ಕುರಿ ನೋಡಿದ್ದೀನಿ. ವಿಮಾನ ಹತ್ತೋ ಬೆಕ್ಕಿಗೆ ಇದೇ ಮೊದಲು ಕಣಮ್ಮ” ಎಂದರು. ಹೊರಡುವ ತಾರೀಖು ಗೊತ್ತಾದ ಮೇಲೆ ಬನ್ನಿ, ಪತ್ರ ಬರೆದುಕೊಡುತ್ತೇನೆ ಎಂದರು. ಪತ್ರದಲ್ಲಿ ಏನೇನು ಇರಬೇಕೆಂದು ನನ್ನ ನೋಟ್‌ಬುಕ್ ನೋಡಿ ಬರೆದಿಟ್ಟುಕೊಂಡರು.

ಇಷ್ಟಾದರೂ ಬ್ಯಾಗಿನೊಳಗೆ ಬೆಕ್ಕು ಕೂಗುತ್ತಿತ್ತು. ಅಭ್ಯಾಸ ಆಗಲಿ ಎಂದು ಭಾನುವಾರಗಳಲ್ಲಿ ನಾನೂ ಮಗಳೂ ಅದನ್ನು ತೊಡೆಯ ಮೇಲಿಟ್ಟುಕೊಂಡು ತಿಪಟೂರಿನಿಂದ ಚಿಕ್ಕನಾಯಕನಹಳ್ಳಿಗೆ ಬಸ್ಸಿನಲ್ಲಿ ಹೋಗಿ ಬರತೊಡಗಿದೆವು. ಮೊದಲ ದಿನ ಕಂಡಕ್ಟರು ಬಗ್ಗಿ ನೋಡಿ, “ಇದು ಎಲ್ಲಿಗೆ?” ಎಂದರು.

“ಗುವಾಹಟಿಗೆ” ಎಂದಳು ಮಗಳು.

“ಈ ಬಸ್ಸು ಚಿಕ್ಕನಾಯಕನಹಳ್ಳೀಲೇ ನಿಂತೋಗ್ತದೆ ಕಣವ್ವ” ಎಂದರು ಅವರು. ಬಸ್ಸಿಗೆ ಬಸ್ಸೇ ನಕ್ಕಿತು. ಮಗಳೂ ನಕ್ಕಳು. ಅಲ್ಲಿ ಇಳಿದು, ನಿಲ್ದಾಣದ ಬೆಂಚಿನ ಮೇಲೆ ಕೂತು ಚುರುಮುರಿ ತಿಂದು, ಅದೇ ಬಸ್ಸಿಗೆ ವಾಪಸ್ಸಾಗುತ್ತಿದ್ದೆವು. ಐದನೆಯ ಭಾನುವಾರದ ಹೊತ್ತಿಗೆ ಬೆಕ್ಕು ಸುಮ್ಮನೆ ಮಲಗಲು ಕಲಿಯಿತು. ಆ ಐದು ಭಾನುವಾರ ನಾನು ಸುಖವಾಗಿದ್ದೆ. ಅದನ್ನು ಸುಳ್ಳೆನ್ನಲಾರೆ.

ಒಂದೊಂದು ಕೆಲಸ ಮುಗಿದಾಗಲೂ ಯಜಮಾನರಿಗೆ ಫೋನಿನಲ್ಲಿ ಹೇಳುತ್ತಿದ್ದೆ. “ಹೌದಾ” ಎನ್ನುತ್ತಿದ್ದರು. ಆಮೇಲೆ ಇನ್ನೊಂದು ತೊಡಕು ಹೇಳುತ್ತಿದ್ದರು. ಮನೆಯಲ್ಲಿ ಹೊಲಿದ ಬ್ಯಾಗು ನಡೆಯಲ್ಲವಂತೆ. ಊರ ಬೆಕ್ಕು ಬಿಡಲ್ಲವಂತೆ, ಜಾತಿ ಬೆಕ್ಕೇ ಆಗಬೇಕಂತೆ. ನಾನು ಮತ್ತೆ ವಿಮಾನ ಕಂಪನಿಯ ಆ ನಂಬರಿಗೆ ಫೋನ್ ಹಾಕಿ ಕೇಳುತ್ತಿದ್ದೆ. ಬೇರೆ ಬೇರೆ ಹುಡುಗಿಯರು ಎತ್ತುತ್ತಿದ್ದರು, ಯಾರೂ ಅಂಥ ನಿಯಮವಿದೆ ಎನ್ನಲಿಲ್ಲ. ನಾನು ಗೆದ್ದವಳ ಹಾಗೆ ಅವರಿಗೆ ಹೇಳುತ್ತಿದ್ದೆ. ಅನುಮಾನ ಬರಬೇಕಿತ್ತು. ಬರಲಿಲ್ಲ.

ಪರೀಕ್ಷೆ ಮುಗಿಯಿತು. ಒಂದು ವಿಮಾನಕ್ಕೆ ಇಂತಿಷ್ಟೇ ಪ್ರಾಣಿ ಎಂಬ ಲೆಕ್ಕವಿದೆ, ಟಿಕೆಟ್ ಆದ ಕೂಡಲೇ ನಂಬರು ಹೇಳಿ ಬೆಕ್ಕಿನದನ್ನೂ ಸೇರಿಸಿಕೊಳ್ಳಿ ಎಂದು ಆ ಹುಡುಗಿಯರು ಹೇಳಿದ್ದರು. ಟಿಕೆಟ್ ಮಾಡಿಸುವುದು ಯಜಮಾನರ ಜವಾಬ್ದಾರಿಯಾಗಿತ್ತು. ನಂಬರು ಕೇಳಿದೆ. ಕಳಿಸ್ತೀನಿ ಎಂದರು. ಮತ್ತೆ ಕೇಳಿದೆ. ಸಸಿ ಲೋಡಿಂಗ್ ನಡೀತಾ ಐತೆ, ಆಮೇಲೆ ಎಂದರು. ಕೊನೆಗೊಂದು ಬೆಳಿಗ್ಗೆ ಟಿಕೆಟ್ಟಿನ ಫೋಟೊ ಬಂತು. ನನ್ನ ಹೆಸರು, ಮಗಳ ಹೆಸರು, ಮೇ ತಿಂಗಳ ತಾರೀಖು. ಅತ್ತೆಗೆ ಓದಿ ಹೇಳಿದೆ. ಅವರು ಫೋನನ್ನು ಕಣ್ಣ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು.

ಮಗಳು ಆಡಲು ಹೋಗಿದ್ದಳು. ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ವಿಮಾನ ಕಂಪನಿಗೆ ಫೋನ್ ಹಾಕಿದೆ. ನಂಬರು ಒಂದೊಂದಾಗಿ ಹೇಳಿದೆ. ಆ ಕಡೆ ಕೀಲಿ ಒತ್ತುವ ಸದ್ದು.

“ಮೇಡಂ, ಈ ಟಿಕೆಟ್ ಈಗ ಇಲ್ಲ. ಬುಕ್ ಮಾಡಿದ ನಾಲ್ಕನೇ ದಿನ ರದ್ದಾಗಿದೆ.”

“ಬೆಕ್ಕಿನ ಕಾರಣಕ್ಕಾ?” ಎಂದೆ.

“ಇಲ್ಲ ಮೇಡಂ. ಬುಕ್ ಮಾಡಿದವರೇ ರದ್ದು ಮಾಡಿದ್ದಾರೆ.” ಅವಳು, “ಇನ್ನೇನಾದ್ರೂ ಸಹಾಯ ಬೇಕಿತ್ತಾ ಮೇಡಂ?” ಎಂದಳು.

“ಬೇಡಮ್ಮ” ಎಂದೆ.

ಒಳಗೆ ಬಂದು ಮೆಷಿನ್ ಮುಂದೆ ಕೂತೆ. ಅವತ್ತು ಕೊಡಬೇಕಾಗಿದ್ದ ಬ್ಲೌಸಿಗೆ ಎಡದ ತೋಳನ್ನು ಬಲಕ್ಕೆ ಹಚ್ಚಿದೆ. ಬಿಚ್ಚಿದೆ. ಮತ್ತೆ ಅದೇ ತಪ್ಪು ಮಾಡಿದೆ. ಅತ್ತೆ ಬಂದು ಬಾಗಿಲಲ್ಲಿ ನಿಂತರು. ನಾನು ಮತ್ತೆ ಹೊಲಿಗೆ ಬಿಚ್ಚತೊಡಗಿದೆ.

ಸಂಜೆ ಯಜಮಾನರೇ ಫೋನ್ ಮಾಡಿದರು. ಸ್ಪೀಕರ್ ಹಾಕಿತ್ತು, ಮಗಳು ಪಕ್ಕದಲ್ಲೇ ಇದ್ದದ್ದರಿಂದ ಟಿಕೆಟ್ಟಿನ ವಿಷಯ ನಾನು ಎತ್ತಲಿಲ್ಲ. ಅವರಾಗಿಯೇ ಶುರುಮಾಡಿದರು. “ಇನ್ನೊಂದು ತೊಂದ್ರೆ ಆಗೈತೆ ಕಣೇ. ಇಲ್ಲಿ ಮನೆ ಕೊಡೋರು ಬೆಕ್ಕು ನಾಯಿ ಸಾಕಂಗಿಲ್ಲ ಅಂತ ಬರೆಸ್ಕತ್ತಾರಂತೆ. ಅದಕ್ಕೇ…”

ಮಗಳು ಕೈಚಾಚಿ ಫೋನ್ ತೆಗೆದುಕೊಂಡಳು.

“ಅಪ್ಪಾ, ಬೆಕ್ಕು ಬ್ಯಾಡ. ಅಜ್ಜಿ ನೋಡ್ಕಂತಾರೆ. ನಾವಿಬ್ರೇ ಬತ್ತೀವಿ.”

ಆ ಕಡೆಯಿಂದ ಸಸಿಗಳಿಗೆ ನೀರು ಹಾಯಿಸುವ ಮೋಟಾರಿನ ಸದ್ದು ಕೇಳುತ್ತಿತ್ತು. ಯಾರೋ ನಮಗೆ ಬಾರದ ಭಾಷೆಯಲ್ಲಿ ಏನೋ ಕೂಗಿ ಹೇಳಿದರು.

“ಅಪ್ಪಾ, ಕೇಳಿಸ್ತಾ?”

“ಹೂಂ. ನೋಡಣ ಬುಡು ಮಗಾ” ಎಂದರು. ಫೋನ್ ಕಟ್ಟಾಯಿತು.

“ಯಾವತ್ತಂತೆ?” ಎಂದು ಮಗಳು ನನ್ನನ್ನು ಕೇಳಿದಳು.

“ನೋಡಣ ಅಂದ್ರಲ್ಲ” ಎಂದೆ.

ಅವಳು ಅದನ್ನು ಹೌದೆಂದೇ ಅರ್ಥ ಮಾಡಿಕೊಂಡಿದ್ದಳು. ಬೆಕ್ಕು ಮಲಗುವ ಹಳೆಯ ಲಂಗದ ಬಟ್ಟೆಯನ್ನು ಎತ್ತಿಕೊಂಡು ಹೋಗಿ ಅಜ್ಜಿಯ ಕೋಣೆಯಲ್ಲಿ ಹಾಸಿದಳು. ಬೆಕ್ಕನ್ನೂ ಅಲ್ಲೇ ಬಿಟ್ಟು ನಮ್ಮ ಕೋಣೆಯ ಬಾಗಿಲು ಹಾಕಿದಳು. “ಈಗ್ಲೇ ಅಭ್ಯಾಸ ಆಗಬೇಕಮ್ಮ, ಆಮೇಲೆ ಕಷ್ಟ ಆಗ್ತದೆ” ಎಂದಳು. ಬಸ್ಸಿನಲ್ಲಿ ನಾನು ಹೇಳುತ್ತಿದ್ದ ಮಾತು ಅದು. ಬೆಕ್ಕು ಬಂದು ಬಾಗಿಲು ಕೆರೆಯಿತು, ಕೂಗಿತು. ಅವಳು ಎರಡು ಕೈಯಲ್ಲೂ ಕಿವಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿ ಮಲಗಿದಳು. ಹಾಗೆ ಎಂಟು ದಿನ ನಡೆಯಿತು. ಎಂಟು ದಿನವೂ ನಾನು ಬಾಯಿ ಬಿಡಲಿಲ್ಲ. ಅವರು ಫೋನ್ ಮಾಡಿ ಬೇರೆ ತಾರೀಖು ಹೇಳಬಹುದೆಂಬ ಆಸೆ ಎಲ್ಲೋ ಇತ್ತು. ಒಂಬತ್ತನೆಯ ದಿನ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ನಾವು ಈ ವರ್ಷ ಹೋಗುವುದಿಲ್ಲ, ಬಾಗಿಲು ತೆಗೆ ಎಂದೆ.

ಅವಳು ಎದ್ದು ಬಾಗಿಲು ತೆಗೆದಳು. ಬೆಕ್ಕು ಒಳಗೆ ಬರಲಿಲ್ಲ. ಅಷ್ಟರಲ್ಲಿ ಅದು ಅತ್ತೆಯ ಕಾಲ ಹತ್ತಿರ ಮಲಗುವುದನ್ನು ಕಲಿತಿತ್ತು. ಆಮೇಲೂ ಅಲ್ಲೇ ಉಳಿಯಿತು.

ಅತ್ತೆಗೆ ಎಲ್ಲ ಹೇಳಿದ್ದು ಆಮೇಲೆ. ಅವರು ಮಗನನ್ನು ಬೈಯಲಿಲ್ಲ, ಪರ ವಹಿಸಲೂ ಇಲ್ಲ. “ಅವನಿಗೆ ಚಿಕ್ಕೋನಾಗಿದ್ದಾಗ್ಲೂ ಇಲ್ಲ ಅನ್ನಕ್ಕೆ ಬರ್ತಿರಲಿಲ್ಲ ಕಣಮ್ಮಿ. ಮದುವೆಗೆ ಮುಂಚೆ ಒಂದು ಹೆಣ್ಣು ನೋಡಿ ಬಂದಿದ್ವಿ. ಒಲ್ಲೆ ಅನ್ನಕ್ಕಾಗದೆ ಆರು ತಿಂಗಳು ಏನೇನೋ ನೆಪ ಹೇಳ್ಕಂಡು ತಿರುಗ್ದ. ಆ ಮನೆಯೋರು ಅಷ್ಟನ್ನೂ ನಂಬ್ಕಂಡು ಕಾಯ್ತಿದ್ರು” ಎಂದರು. ಹೇಳಿ, ನನ್ನ ಮುಖ ನೋಡಲಾರದೆ ಎದ್ದು ಹೋಗಿ ಒಲೆ ಹಚ್ಚಿದರು.

ಜೂನ್ ಬಂತು. ಮಗಳ ವರ್ಗಾವಣೆ ಪತ್ರವನ್ನು ಏಪ್ರಿಲ್‌ನಲ್ಲೇ ಬರೆಸಿಕೊಂಡು ಬಂದಿದ್ದೆ. ಅದೇ ಪತ್ರವನ್ನು ಹಿಡಿದುಕೊಂಡು ಅದೇ ಶಾಲೆಗೆ ಸೇರಿಸಲು ಹೋದೆ. ಹೆಡ್ ಮೇಡಂ ಅರ್ಜಿ ಕೊಟ್ಟರು. ವರ್ಗಾವಣೆ ಪತ್ರದಲ್ಲಿ ಶಾಲೆ ಬಿಡುವ ಕಾರಣ ಎಂಬಲ್ಲಿ ‘ತಂದೆಯ ಬಳಿಗೆ’ ಎಂದು ಅವರೇ ಬರೆದಿದ್ದರು. ಅದನ್ನು ಮಡಿಸಿ ಫೈಲಿನೊಳಗೆ ತಳ್ಳಿದರು.

ಆ ವರ್ಷವೂ ಯಜಮಾನರು ಗೌರಿ ಹಬ್ಬಕ್ಕೆ ಬಂದರು. ಮಗಳಿಗೆ ಬಟ್ಟೆ ತಂದಿದ್ದರು, ಅಳತೆ ಚಿಕ್ಕದಾಗಿತ್ತು. ಅವಳು ಹೋಗುವ ಮಾತು ಎತ್ತಲೇ ಇಲ್ಲ. ಅವರು ಹೊರಡುವ ದಿನದವರೆಗೂ ನಾನು ತಡೆದಿದ್ದೆ. ಅವರು ಚಪ್ಪಲಿ ಮೆಟ್ಟುವಾಗ ಹಿಂದೆ ನಿಂತು ಕೇಳಿದೆ.

“ನಿಜ ಹೇಳಿ. ಅಲ್ಲಿ ಏನೈತೆ? ಯಾರಾದ್ರೂ ಅವ್ರಾ?”

“ಏನಿಲ್ಲ ಕಣೇ.”

“ಮತ್ತೆ?”

ಅವರು ಬ್ಯಾಗಿನ ಪಟ್ಟಿ ಸರಿಮಾಡಿಕೊಂಡರು. “ಒಬ್ನೇ ಇದ್ದು ರೂಢಿ ಆಗೋಗೈತೆ” ಎಂದರು. “ನೀವು ಬಂದ್ರೆ ಏನ್ ಮಾತಾಡ್ಬೇಕು ಅನ್ನದೂ ಗೊತ್ತಾಗಲ್ಲ ನಂಗೆ.”

ಯಾರೋ ಇದ್ದಾರೆ ಎಂದಿದ್ದರೆ ಜಗಳವಾದರೂ ಆಡಬಹುದಿತ್ತು.  ಬಸ್ಸಿನ ಹೊತ್ತಾಯಿತೆಂದು ಅವರು ಇಳಿದು ಹೋದರು. ಅದಾಗಿ ಮೂರು ವರ್ಷವಾಯಿತು. ಈಗಲೂ ಹಬ್ಬಕ್ಕೆ ಬರುತ್ತಾರೆ, ಹತ್ತು ದಿನ ಇರುತ್ತಾರೆ, ನಮ್ಮ ತೋಟದಲ್ಲಿ ತಿರುಗಾಡಿ ಯಾವ ಮರದ ಕಾಯಿ ಬಿತ್ತನೆಗೆ ಇಡಬೇಕೆಂದು ಗುರುತು ಮಾಡಿಕೊಟ್ಟು ಹೋಗುತ್ತಾರೆ. ನಾನು ಅಡಿಗೆ ಮಾಡಿ ಬಡಿಸುತ್ತೇನೆ. ಸಾರಿಗೆ ಉಪ್ಪು ಸಾಕಾ ಎಂದು ಕೇಳುತ್ತೇನೆ. ಸಾಕು ಎನ್ನುತ್ತಾರೆ.