ಬೆಂಚಿನ ಮೇಲೆ ಕೂತ ದೊಡ್ಡವ್ವ

ಚಳ್ಳಕೆರೆಯ ನಮ್ಮ ಮನೆಯಲ್ಲಿ ಈ ವಾರ ಗೋಡೆ ರಿಪೇರಿ. ಮೇಸ್ತ್ರಿ ಬಕೆಟ್ಟಿನಲ್ಲಿ ಪ್ಲಾಸ್ಟರ್ ಕಲಸಿದ. ಆ ಹಸಿ ವಾಸನೆಗೆ ನನಗೆ, ನೀವು ನಗಬೇಡಿ, ಮೊಳಕಾಲ್ಮೂರಿನ ದೊಡ್ಡವ್ವನ ಮುಖ ನೆನಪಾಯಿತು.

ತೊಂಬತ್ತರ ದಶಕದ ಕೊನೆಯ ಮಾತು. ದೊಡ್ಡವ್ವ ಮತ್ತು ಪಕ್ಕದ ಮನೆಯ ಲಕ್ಷ್ಮಮ್ಮ, ಇಬ್ಬರೂ ರೇಷ್ಮೆ ಸೀರೆ ನೇಯುವವರು, ಒಂದೇ ತಟ್ಟೆಯಲ್ಲಿ ಉಂಡವರು. ಒಂದು ದಿನ ಲಕ್ಷ್ಮಮ್ಮನ ಆಡು ದೊಡ್ಡವ್ವ ನೇಯ್ದಿಟ್ಟ ಸೀರೆಯ ಸೆರಗು ತಿಂದಿತು. ಮಾತು ನಿಂತಿತು. ಆಡು ಮುದಿಯಾಗಿ ಸತ್ತಿತು, ಜಗಳ ಮಾತ್ರ ಗಟ್ಟಿಮುಟ್ಟಾಗಿ ಬದುಕಿತ್ತು. ಆಗಷ್ಟೇ ಕಾಲೇಜು ಮೇಷ್ಟ್ರಾಗಿದ್ದ ಜಂಬದಲ್ಲಿ ರಾಜಿ ಮಾಡಿಸಲು ಹೋದ ನಾನು ಎರಡೂ ಮನೆಗಳಲ್ಲಿ ಬೈಸಿಕೊಂಡು, ಕಾಫಿಯೂ ಸಿಗದೆ ವಾಪಸಾಗಿದ್ದೆ.

ಆ ವರ್ಷ ಊರಿನ ಹಳೆಯ ಕಲ್ಲಿನ ಚರ್ಚಿಗೆ ಒಬ್ಬ ಶಿಲ್ಪಿ ಹೆಣ್ಣುಮಗಳು ಬಂದಳು. ಮನುಷ್ಯನ ಸ್ವಭಾವ ಮುಖದಲ್ಲಿ ಹೇಗೆ ಮನೆಮಾಡಿರುತ್ತದೆ ಎಂದು ತೋರಿಸುವ ಗೊಂಬೆಗಳನ್ನು ಅಲ್ಲಿನ ಬೆಂಚುಗಳ ಮೇಲೆ ಕೂರಿಸುವ ಆಸೆ ಅವಳಿಗೆ. ಒಪ್ಪಿದವರ ಮುಖಕ್ಕೆ ಶೇಂಗಾ ಎಣ್ಣೆ ಸವರಿ ಪ್ಲಾಸ್ಟರಿನಲ್ಲಿ ಅಚ್ಚು ತೆಗೆಯುತ್ತಿದ್ದಳು. ದೊಡ್ಡವ್ವ ಹೋಗಿ ಬಂದಳು. ಅದು ತಿಳಿಯದೆ ಲಕ್ಷ್ಮಮ್ಮನೂ ಹೋಗಿ ಬಂದಳು.

ಪ್ರದರ್ಶನದ ದಿನ ಓಣಿಗೆ ಓಣಿಯೇ ಚಪ್ಪಲಿ ಹೊರಗೆ ಬಿಟ್ಟು ಚರ್ಚಿನೊಳಗೆ ನುಗ್ಗಿತು. ಮುಂದಿನ ಬೆಂಚಿನಲ್ಲಿ ಬಿಳೀ ದೊಡ್ಡವ್ವ ಕೂತಿದ್ದಳು. ಅವಳ ಭುಜಕ್ಕೆ ಭುಜ ತಾಗಿಸಿಕೊಂಡು ಬಿಳೀ ಲಕ್ಷ್ಮಮ್ಮ.

"ಇವಳ ಪಕ್ಕ ನನ್ನ ಯಾಕವ್ವ ಕೂರಿಸ್ದೆ? ಎಬ್ಬಿಸು ಮೊದ್ಲು!" ನಿಜವಾದ ದೊಡ್ಡವ್ವ ಕೂಗಿದಳು.

ಶಿಲ್ಪಿ ಗಾಬರಿಯಾದಳು. "ನನಗೇನೂ ಗೊತ್ತಿರ್ಲಿಲ್ಲಮ್ಮ. ಇಬ್ಬರ ಮುಖಾನೂ ಯಾರನ್ನೋ ಕಾಯ್ತಿರೋ ಹಾಗೆ ಕಂಡ್ತು. ಅದಕ್ಕೇ ಜೊತೆಗಿಟ್ಟೆ."

ಗುಂಪಿನಲ್ಲಿದ್ದ ಲಕ್ಷ್ಮಮ್ಮ ಮುಂದೆ ಬಂದು, ತನ್ನ ಗೊಂಬೆಯನ್ನೇ ನೋಡುತ್ತ, ಗಾಳಿಗೆ ಹೇಳುವವಳಂತೆ ಕೇಳಿದಳು: "ಅಕ್ಕಾ, ನನ್ ಮೂಗು ಇಷ್ಟು ದೊಡ್ಡದೈತಾ?"

ದೊಡ್ಡವ್ವ ಗೊಂಬೆಯನ್ನು ನೋಡಿದಳು, ಅವಳನ್ನೂ ನೋಡಿದಳು. "ಐತೆ ಕಣೇ. ಮೊದ್ಲಿಂದಾನೂ ಐತೆ. ಇಷ್ಟು ದಿನ ನಿಂಗೆ ಹೇಳೋರು ಇರ್ಲಿಲ್ಲ, ಅಷ್ಟೆ."

"ಅಯ್ಯೋ ದೇವುಡಾ," ಎಂದು ನಗಲು ಹೋದ ಲಕ್ಷ್ಮಮ್ಮ ಅತ್ತೇಬಿಟ್ಟಳು. ದೊಡ್ಡವ್ವ ತನ್ನ ಸೆರಗು ಅವಳ ಕೈಗೆ ಕೊಟ್ಟಳು. "ಒರೆಸ್ಕ. ಈ ಸೆರಗಾದ್ರೂ ಉಳೀಲಿ."

ಕೆಲವು ವರ್ಷಗಳ ನಂತರ ದೊಡ್ಡವ್ವ ತೀರಿಕೊಂಡಾಗ ಕೊನೆಯ ಸ್ನಾನ ಮಾಡಿಸಿದವಳು ಲಕ್ಷ್ಮಮ್ಮ. ಮುಖ ತೊಳೆಯುವಾಗ ಉಳಿದ ಹೆಂಗಸರಲ್ಲಿ ಯಾರಿಗೂ ಅವಳು ಕೈ ಹಾಕಗೊಡಲಿಲ್ಲವಂತೆ.

ಮೇಸ್ತ್ರಿ ಊಟಕ್ಕೆ ಹೋದ. ಯಾವುದೋ ಸಣ್ಣ ಮಾತಿಗೆ ಮುನಿದ ನನ್ನವಳು ಬೆಳಗ್ಗೆಯಿಂದ ಮೌನವಾಗಿದ್ದಳು. ನಾನೂ ನನ್ನ ಮರ್ಯಾದೆ ಕಾಪಾಡಿಕೊಂಡು ಪೇಪರಿನ ಹಿಂದೆ ಕೂತಿದ್ದೆ. ಪೇಪರ್ ಮಡಿಸಿಟ್ಟು ಅಡುಗೆಮನೆಗೆ ಹೋಗಿ, "ಏನ್ ಸಾರು?" ಎಂದೆ.

ಅವಳು ತಿರುಗಲಿಲ್ಲ. "ಈಗ ಬಂದ್ರಾ ಕೇಳಕ್ಕೆ? ತಟ್ಟೆ ಇಟ್ಟು ಎಷ್ಟೊತ್ತಾತು. ಕೂತ್ಕಳ್ರಿ."